ನಾನು ಹೋಗದ ಭಾನುವಾರ

ದೆವ್ವ, ಮಾಟ, ಶಕುನ ಎಂದರೆ ನಕ್ಕುಬಿಡುತ್ತಿದ್ದವಳು ನಾನು. ಹೆದರಲು ನನಗೆ ದೆವ್ವವೇ ಬೇಕಿರಲಿಲ್ಲ; ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬುದೇ ಸಾಕಿತ್ತು. ಹಾಗಾಗಿ ಇದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ, ನಲವತ್ತೆರಡನೆಯ ವಯಸ್ಸಿನಲ್ಲಿ ಬಿ.ಕಾಂ.ಗೆ ಸೇರಿದ್ದೆ. ಮೂರು ದಿನ ಕಾಲೇಜು, ಮೂರು ದಿನ ದೇವರಾಜ ಮೊಹಲ್ಲಾದ ಆಡಿಟರೊಬ್ಬರ ಹತ್ತಿರ ಅಪ್ರೆಂಟಿಸ್. ಕೆಲಸದ ಗಂಟೆಗಳನ್ನು ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡರಷ್ಟೇ ಪದವಿ. ತರಗತಿಯ ಹುಡುಗಿಯರು ನನ್ನನ್ನು ಆಂಟಿ ಎನ್ನುತ್ತಿದ್ದರು. ಆಫೀಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪೆನ್ಸಿಲ್; ನನ್ನದು ಹಸಿರು. ಎಡಗೈಯವಳಾದ್ದರಿಂದ ನನ್ನ ಟಿಕ್‌ನ ಬಾಲ ಎಡಕ್ಕೆ ಹೊರಳುತ್ತಿತ್ತು.

ಅದೊಂದು ಪಾತ್ರೆ ಅಂಗಡಿಯ ಲೆಕ್ಕ. ಗಲ್ಲಾದಲ್ಲಿ ಹದಿನೆಂಟು ಸಾವಿರ ಕಡಿಮೆ. ಖರ್ಚಿನ ಚೀಟಿಗಳೆಲ್ಲ ಪುಸ್ತಕಕ್ಕೆ ಏರಿವೆಯೇ ಎಂದು ನಾನು ನೋಡಬೇಕಿತ್ತು. ಎಲ್ಲವೂ ಏರಿದ್ದರೆ ದುಡ್ಡು ತೆಗೆದದ್ದು ಕ್ಯಾಷಿಯರ್ ಶಿವಮ್ಮನೇ ಎಂದಾಗಿ, ಸೋಮವಾರ ಆಕೆಯ ಕೆಲಸ ಹೋಗುತ್ತಿತ್ತು. ಶನಿವಾರ ಸಂಜೆ ಬಸ್ಸಿನ ಅವಸರದಲ್ಲಿ ಕೊನೆಯ ಕಟ್ಟಿನ ಚೀಟಿಗಳಿಗೆ ಪುಸ್ತಕ ನೋಡದೆಯೇ ಸರಸರನೆ ಟಿಕ್ ಹಾಕಿಬಿಟ್ಟೆ. "ಎಲ್ಲಾ ಏರಿದೆ ಸಾರ್" ಎಂದೂ ಹೇಳಿದೆ.

"ಪಾಪ, ಶಿವಮ್ಮ" ಎಂದರು ಆಡಿಟರು.

ಅಶೋಕಪುರಂನ ಮನೆ ತಲುಪುವಷ್ಟರಲ್ಲಿ, ಆ ಕಟ್ಟನ್ನು ಮತ್ತೆ ನೋಡಲೇಬೇಕು ಅನ್ನಿಸತೊಡಗಿತ್ತು. ಭಾನುವಾರ ಯಾದವಗಿರಿಯಲ್ಲಿ ತಂಗಿಯ ಮಗುವಿನ ನಾಮಕರಣ. ದೊಡ್ಡಮ್ಮನಾದ ನಾನೇ ತೊಟ್ಟಿಲು ಬಿಟ್ಟು ಆಫೀಸಿಗೆ ಓಡಲಾದೀತೇ? ಒಂದೇ ಎಲೆಗೆ ಎರಡು ಸಲ ಉಪ್ಪು ಬಡಿಸಿದೆ. "ಎಲ್ಲಿದ್ದೀಯೆ ನೀನು? ಮೈ ಇಲ್ಲಿ, ಗ್ಯಾನ ಎಲ್ಲೋ!" ಎಂದು ಗಂಡ ಗೊಣಗಿದರು.

ಸೋಮವಾರ ಎಂಟಕ್ಕೇ ಓಡಿದೆ. ಆಫೀಸಿನ ಬೀಗದಕೈ ಕೆಳಗಿನ ಅಂಗಡಿಯ ಟೈಲರ್ ಹತ್ತಿರ ಇರುತ್ತದೆ.

"ಏನಮ್ಮ, ನಿನ್ನೇನೂ ಬಂದಿದ್ರಿ, ಇವತ್ತು ಇಷ್ಟೊತ್ಗೇ ಬಂದ್ಬುಟ್ರಿ?"

"ನಿನ್ನೆ ನಾನೆಲ್ಲಿ ಬಂದಿದ್ದೆ?"

"ಮೂರು ಗಂಟೆಗೆ ಕೀ ಈಸ್ಕೊಂಡು ಆರಕ್ಕೆ ತಂದ್ಕೊಟ್ರಲ್ಲಮ್ಮ! ಒಂದ್ ಮಾತೂ ಆಡ್ಲಿಲ್ಲ. ಬ್ಲೌಸು ತಡ ಆಯ್ತು ಅಂತ ಕೋಪವೇನೋ ಅನ್ಕೊಂಡೆ."

ಮೇಲೆ ನನ್ನ ಮೇಜಿನ ಮೇಲೆ ಆ ಕೊನೆಯ ಕಟ್ಟು ಬಿಚ್ಚಿಕೊಂಡು ಬಿದ್ದಿತ್ತು. ನನ್ನ ಪ್ರತಿ ಟಿಕ್‌ನ ಪಕ್ಕದಲ್ಲೂ ಇನ್ನೊಂದು ಹಸಿರು ಟಿಕ್, ಬಾಲ ಎಡಕ್ಕೆ. ಹದಿನೆಂಟು ಸಾವಿರದ ಲಾರಿ ಬಾಡಿಗೆ ಚೀಟಿಯೊಂದಕ್ಕೆ ಮಾತ್ರ ಹಸಿರು ಸುತ್ತು. ಅಂಚಿನಲ್ಲಿ ನನ್ನದೇ ಅಕ್ಷರ: "ಪುಸ್ತಕದಲ್ಲಿ ಇಲ್ಲ???" ಮೂರು ಪ್ರಶ್ನಾರ್ಥಕ ಹಾಕುವುದೂ ನನ್ನದೇ ಚಾಳಿ. ಪುಸ್ತಕ ತಿರುವಿದೆ. ನಿಜವಾಗಿಯೂ ಇರಲಿಲ್ಲ.

ಶಿವಮ್ಮನ ಕೆಲಸ ಉಳಿಯಿತು. ಟೈಲರ್ ಹೇಳಿದ್ದನ್ನು ಕೇಳಿ ಆಡಿಟರು ಖುಷಿಯಾಗಿ ನನ್ನ ಗಂಟೆಗಳ ಪುಸ್ತಕದಲ್ಲಿ 'ಭಾನುವಾರ, ಮೂರು ಗಂಟೆ ಕೆಲಸ' ಎಂದು ಬರೆದು, ತಾವೂ ಸಹಿ ಹಾಕಿ ನನ್ನ ಮುಂದಿಟ್ಟರು.

"ಸಾರ್, ನಾನು ಬಂದಿರ್ಲಿಲ್ಲ."

"ಸಾಕು ವಿನಯ. ಸಹಿ ಹಾಕಮ್ಮ."

ಹಾಕಿದೆ. ಆ ಮೂರು ಗಂಟೆಯನ್ನೂ ಸೇರಿಸಿಕೊಂಡೇ ನನಗೆ ಪದವಿ ಬಂತು. ಆ ಹೊತ್ತಿಗೆ ನಾನು ತೊಟ್ಟಿಲ ಪಕ್ಕದಲ್ಲಿದ್ದುದಕ್ಕೆ ತಂಗಿಯ ಮೊಬೈಲಿನಲ್ಲಿ ಫೋಟೋಗಳಿವೆ. ಟೈಲರ್ ಕಣ್ಣು ತಪ್ಪಿರಬಹುದು ಅನ್ನಿ. ಆ ಎಡಗೈ ಬಾಲ?

ಈಗಲೂ ಅಲ್ಲೇ ಕೆಲಸ. ಏನನ್ನಾದರೂ ಅರೆಬರೆ ನೋಡಿಟ್ಟು ಬಂದ ಮಾರನೆಯ ಬೆಳಗ್ಗೆ ಟೈಲರನ್ನು ಕೇಳುತ್ತೇನೆ: "ನಿನ್ನೆ ಯಾರಾದ್ರೂ ಕೀ ಈಸ್ಕೊಂಡಿದ್ರಾ?"

"ಇಲ್ಲ ಕಣಮ್ಮ" ಎನ್ನುತ್ತಾನೆ. ಆಗ ನನಗಾಗುವುದು ಸಮಾಧಾನವೋ ನಿರಾಸೆಯೋ, ಇಂದಿಗೂ ತಿಳಿದಿಲ್ಲ.