ಹಾಲಸ್ವಾಮಿ ಸಾಯದ ಸಿನಿಮಾ

ಭದ್ರಾವತಿಯ ಓಲ್ಡ್ ಟೌನಿನ ಹಾಲಸ್ವಾಮಿ ಬೊಂಬಾಯಿಗೆ ಹೋಗಿ ಹಿಂದಿ ಸಿನಿಮಾದಲ್ಲಿ ಹತ್ತು ಹನ್ನೆರಡು ವರ್ಷ ದುಡಿದ. ದುಡಿದ ಅಂದರೆ ಸತ್ತ. ಗುಂಡು ತಿಂದು ಸತ್ತ, ಮಹಡಿಯಿಂದ ಬಿದ್ದು ಸತ್ತ, ಹೀರೋನ ಒಂದೇ ಏಟಿಗೆ ಸತ್ತ. ಸಿಡುಬಿನ ಕಲೆ ತುಂಬಿದ ಮುಖ, ಸೊಟ್ಟ ಮೂಗು, ಗಳುವಿನ ಹಾಗೆ ಉದ್ದಕ್ಕೆ ಬೆಳೆದ ಮೈ. ಇಂಥವನನ್ನು ಬದುಕಿಸಿಟ್ಟುಕೊಂಡು ಏನು ಮಾಡುವುದು ಎಂದು ಅಲ್ಲಿನವರಿಗೆ ಅನ್ನಿಸಿರಬೇಕು. ಇಂಟರ್‌ವಲ್ಲಿಗೆ ಮೊದಲೇ ಅವನ ಕಥೆ ಮುಗಿದಿರುತ್ತಿತ್ತು.

ಈ ಹುಚ್ಚು ಅವನಿಗೆ ಹತ್ತಿದ್ದು ಏಳನೇ ವಯಸ್ಸಿನಲ್ಲಿ. ಅಂಗಳದಲ್ಲಿ ಆಡುತ್ತಿದ್ದಾಗ ಕಾಗೆಯೊಂದು ತಲೆಗೆ ಕುಕ್ಕಿ ಹೋಯಿತು. ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ. ಅದಕ್ಕೆ ಪರಿಹಾರವೂ ಉಂಟು. ಸತ್ತ ಅಂತ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು, ಅವರು ನಂಬಿ ಅಳಬೇಕು, ಅತ್ತಾದ ಮೇಲೆ ಯಾರಾದರೂ ಎದುರಿಗೆ ನಿಂತು ಸುಳ್ಳು ಅನ್ನಬೇಕು. ಆಗ ಕಂಟಕ ಕಳೆದು ಆಯಸ್ಸು ಗಟ್ಟಿಯಾಗುತ್ತದೆ. ತಾಯಿ ಸುಭದ್ರಮ್ಮ ಕುಂಸಿಯಲ್ಲಿದ್ದ ತನ್ನ ತಂಗಿ ಶಕುಂತಲಮ್ಮನಿಗೆ ಹೇಳಿ ಕಳಿಸಿದಳು. ಶಕುಂತಲಮ್ಮ ಬಸ್ಸಿಳಿದಲ್ಲಿಂದಲೇ ಎದೆ ಬಡಿದುಕೊಂಡು ಬಂದಳು. ಹುಡುಗ ಬಾಗಿಲ ಹಿಂದೆ ಚಾಪೆಯ ಮೇಲೆ ಉಸಿರು ಬಿಗಿಹಿಡಿದು ಮಲಗಿದ್ದ. ಹಾಗೆ ಮಲಗು ಎಂದು ಯಾರೂ ಹೇಳಿರಲಿಲ್ಲ. ತನಗಾಗಿ ಒಬ್ಬರು ಅಷ್ಟು ಅಳುವುದನ್ನು ಅವನು ಕೇಳಿದ್ದು ಅದೇ ಮೊದಲು. ಮುಂದೆ ಕಾರ್ಖಾನೆ ನೌಕರರ ನಾಟಕಗಳಲ್ಲಿ ಸಾಯುವ ಪಾತ್ರವನ್ನೇ ಕೇಳಿ ಪಡೆಯುತ್ತಿದ್ದನಂತೆ.

ಬೊಂಬಾಯಿಯಲ್ಲಿ ಉಳಿದವರು ಎದೆ ಹಿಡಿದು ಅರಚಿ ಸಾಯುತ್ತಿದ್ದರೆ ಹಾಲಸ್ವಾಮಿಯ ದಾರಿಯೇ ಬೇರೆ. ಗುಂಡು ಬಿದ್ದ ಮೇಲೆ, ಜಾರಿಹೋದ ಚಪ್ಪಲಿಯನ್ನು ಕಾಲಿನಲ್ಲೇ ತಡವಿ ಹುಡುಕುತ್ತಿದ್ದ. ಎಲ್ಲಿಗೋ ಹೊರಟಿದ್ದೇನೆ, ಹೊತ್ತಾಯಿತು ಎಂಬಂತೆ. ಚಪ್ಪಲಿ ಸಿಗುವಷ್ಟರಲ್ಲಿ ಪ್ರಾಣ ಹೋಗಿರುತ್ತಿತ್ತು. ಡೈರೆಕ್ಟರುಗಳು ಮೊದಮೊದಲು ಬೈದರು, ಆಮೇಲೆ ಅದನ್ನೇ ಮಾಡು ಎನ್ನತೊಡಗಿದರು.

ತೊಂಬತ್ತಮೂರರಲ್ಲಿ ಅವನ ಮೊದಲ ಸಿನಿಮಾ ಶಿವಮೊಗ್ಗಕ್ಕೆ ಬಂದಾಗ ತಂಗಿ ತನುಜಾ ತಾಯಿಯನ್ನು ಕರೆದುಕೊಂಡು ಹೋದಳು. ಪರದೆಯ ಮೇಲೆ ಆ ಕಾಲು ಚಪ್ಪಲಿ ತಡವಿದ್ದೇ ತಡ, ಸುಭದ್ರಮ್ಮ ಥಿಯೇಟರಿನಲ್ಲೇ ಗೊಳೋ ಎಂದಳು. ಅವಳ ಗಂಡ ಮೂರ್ತಪ್ಪ ಬೆಳಗಿನ ಶಿಫ್ಟಿಗೆ ಹೊರಟವನು ಜಗಲಿಯಲ್ಲಿ ಕುಸಿದು, ಹೀಗೆಯೇ ಚಪ್ಪಲಿ ಹುಡುಕುತ್ತ ಹೋಗಿದ್ದ. ಮಗ ಬಾಗಿಲಲ್ಲಿ ನಿಂತು ನೋಡಿದ್ದ.

ಮಾರನೆಯ ದಿನ ಪಕ್ಕದ ಮನೆಗೆ ಬೊಂಬಾಯಿಯಿಂದ ಫೋನು ಬಂತು. “ಚೆನ್ನಾಗಿದೀನಿ ಅವ್ವ, ಇನ್ನೊಂದು ಸಿನಿಮಾ ಸಿಕ್ತು” ಎಂದ ಮಗ. ಸುಭದ್ರಮ್ಮನಿಗೆ ಎಲ್ಲ ಅರ್ಥವಾಗಿಬಿಟ್ಟಿತು. ಅವನು ಸುಳ್ಳಿಗೆ ಸಾಯುತ್ತಾನೆ, ತಾನು ನಿಜಕ್ಕೆ ಅಳುತ್ತೇನೆ, ಆಮೇಲೆ ಅವನೇ ಫೋನು ಮಾಡಿ ಸುಳ್ಳೆನ್ನುತ್ತಾನೆ. ದೂರದೂರಿನಲ್ಲಿರುವ ಮಗನನ್ನು ಕಾಯುವುದು ತನ್ನ ಕಣ್ಣೀರೇ. ಅಂದಿನಿಂದ ಅವನ ಒಂದು ಸಿನಿಮಾವನ್ನೂ ಬಿಡಲಿಲ್ಲ. ಹಿಂದಿ ಒಂದಕ್ಷರ ಬಾರದು. ಬರಬೇಕಾದ ಅಗತ್ಯವೂ ಇರಲಿಲ್ಲ. ಅತ್ತು ಮುಗಿಸಿ ಇಂಟರ್‌ವಲ್ಲಿಗೆ ಎದ್ದು ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದಳು. ಉಳಿದರ್ಧ ನೋಡಲಾಗದೆ ತನುಜಾ ಮುಖ ಊದಿಸಿಕೊಂಡು ಹಿಂದೆ ಬರುತ್ತಿದ್ದಳು.

ಎರಡು ಸಾವಿರದ ಮೂರರ ಹೊತ್ತಿಗೆ ಮನೆಗೇ ಫೋನು ಬಂದಿತ್ತು. ಒಂದು ದಿನ ಹಾಲಸ್ವಾಮಿಯ ದನಿ ಅದರಲ್ಲಿ ನಡುಗುತ್ತಿತ್ತು. “ಅವ್ವ, ಈ ಸಲ ನಾನು ಸಾಯಲ್ಲ. ಕೊನೇವರೆಗೂ ಇರ್ತೀನಿ. ಸ್ಕೂಲಲ್ಲಿ ಗಂಟೆ ಹೊಡೆಯೋನ ಪಾತ್ರ. ಡೈಲಾಗೂ ಇದೆ.”

“ಒಂಚೂರಾದ್ರೂ ಸಾಯಲ್ವೇನೋ?” ಎಂದಳು ಸುಭದ್ರಮ್ಮ. ಅವನು ಗಟ್ಟಿಯಾಗಿ ನಕ್ಕ. ಅವ್ವ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡ, ಪಾಪ.

ಆ ಸಿನಿಮಾದುದ್ದಕ್ಕೂ ಅವಳು ಸೆರಗು ಕೈಯಲ್ಲಿ ಹಿಡಿದೇ ಕುಳಿತಿದ್ದಳು. ಮಗ ಗಂಟೆ ಹೊಡೆದ, ಮಾತಾಡಿದ, ಮಕ್ಕಳನ್ನು ನಗಿಸಿದ. ಕೊನೆಯಲ್ಲಿ ಗೇಟಿನ ಬಳಿ ನಿಂತು ತಾನೂ ನಕ್ಕ. ಅಣ್ಣನನ್ನು ಹಾಗೆ ನೋಡಿ ತನುಜಾಳ ಕಣ್ಣು ಹನಿಗೂಡಿತು. “ನನ್ನ ಅಳೋಕೇ ಬಿಡ್ಲಿಲ್ವಲ್ಲೇ” ಎಂದಳು ತಾಯಿ. ಮನೆಗೆ ಬಂದವಳಿಗೆ ಅನ್ನ ಸೇರಲಿಲ್ಲ.

ವಾರ ಕಳೆದ ಮೇಲೆ ತನುಜಾಳನ್ನು ಹಿಡಿದುಕೊಂಡಳು. “ನಿಮ್ಮ ಚಿಕ್ಕಮ್ಮಂಗೆ ಫೋನ್ ಮಾಡು. ಹಾಲಸ್ವಾಮಿ ಹೋದ ಅನ್ನು.”

“ಥೂ, ಬಿಡ್ತು ಅನ್ನವ್ವ!”

ಸುಭದ್ರಮ್ಮ ಜಪ್ಪಯ್ಯ ಅನ್ನಲಿಲ್ಲ. ಊಟ ಬಿಟ್ಟು ಕುಳಿತಳು. ತನುಜಾ ಸೋತು ಫೋನು ಮಾಡಿದಳು. ಶಕುಂತಲಮ್ಮ ಮಂಡಿನೋವಿನಲ್ಲೂ ಎದೆ ಬಡಿದುಕೊಂಡು ಬಂದಳು, ಹೊಸ್ತಿಲಲ್ಲಿ ಬಿದ್ದು ಅತ್ತಳು. ಅಕ್ಕ ಎದುರಿಗೆ ನಿಂತು “ಸುಳ್ಳು ಕಣೇ” ಎಂದಾಗ ಬಾಯಿಗೆ ಬಂದಂತೆ ಬೈದು, ಬೈಯುತ್ತಲೇ ನಕ್ಕು, ಉಪ್ಪಿಟ್ಟು ತಿಂದು ಹೋದಳು. ಸುಭದ್ರಮ್ಮ ಅಂದು ಹೊಟ್ಟೆ ತುಂಬ ಉಂಡಳು.

ಎರಡು ತಿಂಗಳೂ ಕಳೆದಿರಲಿಲ್ಲ, ಬೊಂಬಾಯಿಯಲ್ಲಿ ಹಾಲಸ್ವಾಮಿಯ ಜೊತೆಗಿದ್ದ ಜಯಕುಮಾರ್ ಫೋನು ಮಾಡಿದ. ಶೂಟಿಂಗಿಗೆ ಹೊರಟ ಹಾಲಸ್ವಾಮಿ ಮಂಚದ ಅಂಚಿನಲ್ಲಿ ಕುಳಿತವನು ಏಳಲಿಲ್ಲ. ಕಾಲು ಚಪ್ಪಲಿ ತಡವುತ್ತಿತ್ತಂತೆ. ಪ್ರಾಕ್ಟೀಸ್ ಮಾಡುತ್ತಿದ್ದಾನೆ ಎಂದುಕೊಂಡು ಜಯಕುಮಾರ್ ಟೀ ಸೋಸುತ್ತಲೇ ಇದ್ದನಂತೆ. ಅದನ್ನು ಹೇಳುತ್ತ ಅವನು ಫೋನಿನಲ್ಲೇ ಬಿಕ್ಕಿದ.

ತನುಜಾ ತಾಯಿಗೆ ಹೇಳಿದಳು. ಸುಭದ್ರಮ್ಮ ಇಡೀ ಬೀದಿಗೆ ಕೇಳುವಂತೆ ಅತ್ತಳು. ಅಳುವಿನ ಮಧ್ಯೆಯೇ “ಶಕುಂತಲಂಗೂ ಹೇಳೇ, ಅವಳೂ ಅಳ್ಲಿ” ಎಂದಳು.

“ಚಿಕ್ಕಮ್ಮ, ಅಣ್ಣ ಹೋದ” ಎಂದಳು ತನುಜಾ ಫೋನಿನಲ್ಲಿ.

“ಏ ಹೋಗೇ ಮಾರಾಯ್ತಿ! ಮೊನ್ನೆ ಅತ್ತಿದ್ದು ಸಾಲ್ಲಿಲ್ವೇನೇ? ಈ ಸಲ ಬಸ್ ಹತ್ತಲ್ಲ ನಾನು. ಒಲೆ ಮೇಲೆ ಹಾಲಿದೆ, ಇಡ್ತೀನಿ.” ಶಕುಂತಲಮ್ಮ ನಗುತ್ತಲೇ ಫೋನು ಇಟ್ಟಳು.

ಆ ನಗು ಸುಭದ್ರಮ್ಮನಿಗೂ ಕೇಳಿಸಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಕೆದರಿದ ಕೂದಲು ಕಟ್ಟಿಕೊಂಡಳು, ಗೋಡೆಗೊರಗಿ ನೆಟ್ಟಗೆ ಕುಳಿತಳು.

“ನಂದು ಅತ್ತಾಯ್ತು” ಎಂದಳು. “ಈಗ ಹೇಳೇ, ತನುಜಾ.”

ತನುಜಾ ರಿಸೀವರ್ ಹಿಡಿದುಕೊಂಡೇ ನಿಂತಿದ್ದಳು.

“ಹೇಳೇ. ಎದ್ರಿಗೆ ನಿಂತ್ಕೊಂಡು ಹೇಳ್ಬೇಕು.”