ಬಸವಣ್ಣೆಮ್ಮನ ಖಾನಾವಳಿಯ ನೊರಜು

ಬಲಗೈಯಿಂದ ಉಣ್ಣುತ್ತ ಎಡಗೈಯಿಂದ ಗಾಳಿ ಬೀಸುವ ವಿದ್ಯೆಯನ್ನು ನಾನು ಕಲಿತದ್ದು ಯಲಬುರ್ಗಾದಲ್ಲಿ. ಎಪ್ಪತ್ತೇಳರಲ್ಲಿ ಸರಕಾರ ನನ್ನನ್ನು ಅಲ್ಲಿಯ ಕಚೇರಿಗೆ ಗುಮಾಸ್ತನನ್ನಾಗಿ ಕಳಿಸಿತು. ಕಚೇರಿಯಲ್ಲಿ ನಾನೇನು ಕಲಿತೆ ಎಂದು ಯಾರೂ ಕೇಳಿಲ್ಲ, ಕೇಳದಿರುವುದೇ ಕ್ಷೇಮ. ಆದರೆ ಈ ಎಡಗೈ ವಿದ್ಯೆ ಹತ್ತು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ಮದುವೆಯ ಊಟಕ್ಕೆ ಕೂತರೆ ಕೈ ತಾನಾಗಿ ಎಲೆಯ ಮೇಲೆ ಆಡುತ್ತದೆ. ಬಡಿಸುವವರು ‘ಬೇಡ’ ಎಂದೆನೆಂದು ತಿಳಿದು ಹೋಳಿಗೆಯ ಬುಟ್ಟಿಯನ್ನು ಮುಂದಕ್ಕೆ ಒಯ್ಯುತ್ತಾರೆ. ನನಗಾದ ಈ ನಷ್ಟಕ್ಕೆಲ್ಲ ಬಸವಣ್ಣೆಮ್ಮನ ಗಿಡಗಳೇ ಹೊಣೆ.

ಬಸವಣ್ಣೆಮ್ಮ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಪಡಸಾಲೆಯಲ್ಲೇ ನಾಲ್ಕು ಬೆಂಚು ಹಾಕಿ ಶುರು ಮಾಡಿದ್ದು. ಊರಿಗೆ ಬರುವ ಒಂಟಿ ನೌಕರರೆಲ್ಲ ಅಲ್ಲೇ ತಿಂಗಳ ಊಟಕ್ಕೆ ಹತ್ತುತ್ತಿದ್ದರು. ಅವಳದು ನಿಂತಲ್ಲಿ ನಿಲ್ಲದ ಜೀವ. ರೊಟ್ಟಿ ಬಡಿಯುವುದಕ್ಕೂ ಕೂರಬಾರದೆಂದು ಸೊಂಟದೆತ್ತರಕ್ಕೆ ಒಲೆಯ ಕಟ್ಟೆ ಕಟ್ಟಿಸಿಕೊಂಡಿದ್ದಳು. ಒಂದು ರೊಟ್ಟಿ ಹೆಂಚಿನ ಮೇಲೆ ಬೇಯುವಷ್ಟರಲ್ಲಿ ಪುಂಡಿಪಲ್ಯ ಬಡಿಸಿ, ಬಾಗಿಲಿಗೆ ಹೋಗಿ ಬಸ್ ಬಂತೇ ನೋಡಿ, ನಾಯಿಗೆ ಬೈದು, ಹಿಂದಿರುಗಿ ರೊಟ್ಟಿ ಮಗುಚುತ್ತಿದ್ದಳು. ಅವಳು ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ. ಅದು ಆಮೇಲಿನ ಮಾತು.

ಅವಳ ತವರು ಗಂಗಾವತಿ ಕಡೆಯ ಹಳ್ಳಿ. ಅವಳು ಹುಟ್ಟಿದಾಗ ಅದೂ ಯಲಬುರ್ಗಾದಷ್ಟೇ ಒಣ ಊರು. ಅವಳ ಮದುವೆಯಾಗಿ, ತಲೆಗೆ ಬಿದ್ದ ಅಕ್ಷತೆ ಉದುರುವಷ್ಟರಲ್ಲಿ ತುಂಗಭದ್ರೆಯ ಕಾಲುವೆ ಆ ಊರಿಗೆ ಬಂತು.

“ನಾ ಊರು ಬಿಡೂದನ್ನ ಕಾಯಕೊಂತ ನಿಂತಿತ್ತು ನೋಡ್ರಿ ಆ ನೀರು” ಎಂದು ಅವಳು ನಗುತ್ತ ಹೇಳುತ್ತಿದ್ದಳು. “ಪಂಚಮಿಗೆ ತವರಿಗೆ ಹೋಗಿ ನೋಡ್ತೀನಿ, ನಾ ಸಗಣಿ ಆರಿಸಿದ ಬಯಲಾಗ ನೆಲ್ಲು ನಿಂತೇತಿ! ನಂಗ ಒಂದು ವರ್ಷ ತಡಾ ಮಾಡಿ ಲಗ್ನಾ ಮಾಡಿದ್ರ ನಮ್ಮಪ್ಪನ ಗಂಟೇನು ಹೋಗತಿತ್ತು?”

ನಗುತ್ತಲೇ ಹೇಳುತ್ತಿದ್ದಳು, ಆದರೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ಒಮ್ಮೆ ಮುನಿರಾಬಾದಿನ ಡ್ಯಾಮು ನೋಡಲು ಹೋದವಳು ಅಲ್ಲಿಯ ತೋಟದ ಮಾಲಿಯನ್ನು ಮಾತಿಗೆಳೆದು, ಕ್ರೋಟನ್, ಬಣ್ಣದೆಲೆಯ ಕೆಸುವು, ಜರಿಗಿಡ, ಹಬ್ಬುವ ಬಳ್ಳಿ ಎಂದು ಕೈಗೆ ಸಿಕ್ಕಷ್ಟನ್ನು ಹಸಿ ಬಟ್ಟೆಯಲ್ಲಿ ಕಟ್ಟಿ ತಂದಳು. ಹೊರಗಿನ ಕಟ್ಟೆಯ ಮೇಲೆ ಇಟ್ಟವನ್ನು ಆಡು ತಿಂದವು, ಆಡು ಬಿಟ್ಟದ್ದನ್ನು ಬಿಸಿಲು ತಿಂದಿತು. ಎರಡಕ್ಕೂ ಸಿಗದೆ ಉಳಿದವನ್ನು ಒಳಗೆ ತಂದು, ಡಾಲ್ಡಾ ಡಬ್ಬಿಗಳಿಗೆ ಎರೆಮಣ್ಣು ತುಂಬಿ ನೆಟ್ಟು, ಗೋಡೆಗುಂಟ ಬೆಂಚುಗಳ ಪಕ್ಕಕ್ಕೆ ಸಾಲಾಗಿ ಇಟ್ಟಳು. ಹೊರಗೆ ಕಣ್ಣು ಹಾಯುವವರೆಗೆ ಕರಿನೆಲ ಬಿರಿದು ಬಿದ್ದಿರುವಾಗ, ಒಳಗೆ ರೊಟ್ಟಿ ಮುರಿಯುವವನ ಭುಜಕ್ಕೆ ಹಸಿರೆಲೆ ಸವರುತ್ತಿತ್ತು. ಊರಿನವರು ಊಟಕ್ಕಲ್ಲದಿದ್ದರೂ ನೋಡಿ ಹೋಗಲು ಬರುತ್ತಿದ್ದರು.

ಆ ಗಿಡಗಳಿಗೆ ನಾವೆಲ್ಲ ಸೇರಿ ಸಾಕುತಂದೆಗಳು. ಉಂಡವನು ತಾಟಿನಲ್ಲೇ ಕೈ ತೊಳೆದು, ಗ್ಲಾಸಿನಲ್ಲಿ ಉಳಿದ ನೀರನ್ನು ಪಕ್ಕದ ಡಬ್ಬಿಗೆ ಸುರಿದೇ ಏಳುವುದು. ಯಾರೂ ಹೇಳಿಕೊಟ್ಟದ್ದಲ್ಲ. ಊರಾಚೆಯ ಬಾವಿಯಿಂದ ಆ ನೀರನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದವಳು ದುರುಗವ್ವ. ಹೊಸಬರಾರಾದರೂ ಉಳಿದ ನೀರನ್ನು ಓಣಿಗೆ ಚೆಲ್ಲಿದರೆ, ಎಲ್ಲಿದ್ದರೂ ಅವಳಿಗೆ ಆ ಸಪ್ಪಳ ಕೇಳುತ್ತಿತ್ತು. “ಯಾಂವಪ್ಪಾ ಅಂವ ನೀರು ಚೆಲ್ಲಿದಂವ? ಬಾ, ನಾಳಿಂದ ಕೊಡಾ ನೀ ಹೊರು, ನಾ ಉಣ್ಣಾಕ ಕುಂದರ್ತೀನಿ!” ಹಾಗಾಗಿ ತಹಸೀಲ್ದಾರರ ಅತಿಥಿ ಇರಲಿ, ಬೇವೂರಿನಿಂದ ಸಂತೆಗೆ ಬಂದ ರೈತ ಇರಲಿ, ಗ್ಲಾಸು ಡಬ್ಬಿಯ ಮೇಲೆ ಬಗ್ಗಿಸಿಯೇ ಹೊರಡುತ್ತಿದ್ದ. ಮಜ್ಜಿಗೆ ಉಳಿದರೆ ಅದೂ ಗಿಡಕ್ಕೇ. “ತಂಪು ಅಲ್ರೀ” ಎನ್ನುತ್ತಿದ್ದರು.

ಅಷ್ಟರಲ್ಲಿ ನೊರಜು ಹತ್ತಿತು.

ಸಾಸಿವೆಯಷ್ಟು ಕರಿ ಹುಳ. ಕಚ್ಚುವುದಿಲ್ಲ, ಗುಂಯ್ ಎನ್ನುವುದಿಲ್ಲ. ಕಚ್ಚಿದ್ದರೆ ಹೊಡೆದು ಸಮಾಧಾನಪಡಬಹುದಿತ್ತು. ಇವು ಸುಮ್ಮನೆ ಮೂಗಿನ ಮುಂದೆ, ಕಣ್ಣಿನ ಮುಂದೆ, ಏನೋ ಕೇಳಲು ಬಂದು ಮರೆತವರ ಹಾಗೆ ಅಡ್ಡಾಡುತ್ತವೆ. ಗಿಡ ಅಲುಗಿದರೆ ಮಣ್ಣಿನಿಂದ ಹಿಂಡಾಗಿ ಏಳುತ್ತವೆ, ಕೈ ಬೀಸಿದರೆ ಸರಿದು ಮತ್ತೆ ಅಲ್ಲೇ. ಮೊದಮೊದಲು ಒಂದೆರಡು. ಬರಬರುತ್ತ ಒಗ್ಗರಣೆಯಲ್ಲಿ ಸಾಸಿವೆ ಯಾವುದು ಹುಳ ಯಾವುದು ತಿಳಿಯದಾಯಿತು. ಖಾನಾವಳಿಯಲ್ಲಿ ಯಾರೂ ನೆಟ್ಟಗೆ ಕೂರುತ್ತಿರಲಿಲ್ಲ. ಎಲ್ಲರ ಎಡಗೈಯೂ ಗಾಳಿಯಲ್ಲಿ. ಬಾಗಿಲಲ್ಲಿ ನಿಂತು ನೋಡಿದವನಿಗೆ ಒಳಗೆ ಭಜನೆ ನಡೆದಿದೆ ಎನ್ನಿಸಬೇಕು.

ಸೈಕಲ್ ಅಂಗಡಿಯ ಫಕ್ರುದ್ದೀನ ನನ್ನ ಬೆಂಚಿನ ಜೊತೆಗಾರ. ಮಜ್ಜಿಗೆಯ ಗ್ಲಾಸನ್ನು ಬೆಳಕಿಗೆ ಹಿಡಿದು ಅವನೆಂದ: “ಅಕ್ಕಾ, ಮನ್ಯಾಗಿನ ಮಾಂಸದೂಟ ಬ್ಯಾಸರಾಗಿ ನಿಮ್ಮಲ್ಲಿ ಸ್ವಾಮ್ಯಾರ ಊಟಾ ಮಾಡೂನು ಅಂತ ಬಂದ್ರ, ನೀವೂ ಅದನ್ನs ಬಡಸಾಕತ್ತೀರಲ್ಲ!”

“ಕಣ್ಣು ಮುಚ್ಚಿ ಕುಡಿಯೋ ಫಕ್ರುದ್ದೀನ. ಜೀವಾ ಹೋದ ಹುಳ ಏನ್ ಮಾಡತೈತಿ?”

“ಜೀವಾ ಹೋಗಿಲ್ಲಬೇ, ಈಸಾಕತ್ತೇತಿ!”

ಎಲ್ಲರೂ ನಕ್ಕರು. ಆದರೆ ಮರುವಾರ ಬೆಂಚಿನ ಮೇಲೆ ಜಾಗ ಸಲೀಸಾಗಿ ಸಿಗತೊಡಗಿತು. ಬಸ್‌ಸ್ಟ್ಯಾಂಡಿನ ಎದುರಿಗೆ ಹೊಸ ಖಾನಾವಳಿ ಆಗಿತ್ತು, ಅದಕ್ಕೆ ಫ್ಯಾನು ಇತ್ತು. ಮೊದಲು ಶಾಲೆಯ ಮಾಸ್ತರರು ಹೋದರು, ಹಿಂದೆಯೇ ಪೋಸ್ಟಿನವರು.

ಮನೆ ಬಸವಣ್ಣೆಮ್ಮನ ಮೈದುನ ವಿರೂಪಾಕ್ಷಪ್ಪನ ಹೆಸರಿನಲ್ಲಿತ್ತು. ಶೇಂಗಾ ವ್ಯಾಪಾರದ ಮನುಷ್ಯ, ಗಿಡ ಎಂದರೆ ಚೀಲ ತುಂಬುವಂಥದ್ದು ಮಾತ್ರ ಎಂದು ತಿಳಿದವನು. ಅವನು ಬಂದು ಹೊಸ್ತಿಲಲ್ಲೇ ನಿಂತು ಹೇಳಿದ:

“ಅತ್ತಿಗಿ, ಇದು ಖಾನಾವಳಿಯೋ ತ್ವಾಟಾನೋ? ಅಮಾಸಿ ದಿನ ಪೂಜಾಕ್ಕ ಬರ್ತೀನಿ, ತಳ್ಳುಗಾಡಿ ತಗೊಂಡ ಬರ್ತೀನಿ. ಹುಳ ಇದ್ರ ಈ ಡಬ್ಬಿ ಎಲ್ಲಾ ತಿಪ್ಪಿಗೆ. ಒಂದೂ ಬಿಡಂಗಿಲ್ಲ.”

ಅವನು ಹೋದ ಮೇಲೆ ಬಸವಣ್ಣೆಮ್ಮ ಒಂದೊಂದೇ ಎಲೆಯನ್ನು ಸೆರಗಿನಿಂದ ಒರೆಸುತ್ತ ಓಡಾಡಿದಳು. ಹೆಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಅವಳ ಕೈಯಲ್ಲಿ ರೊಟ್ಟಿ ಸೀದದ್ದು ಅದೇ ಮೊದಲು.

ಸರಿ, ಯುದ್ಧ ಆರಂಭವಾಯಿತು. ಮುಖ್ಯ ಸಲಹೆಗಾರ ನಾನೇ. ರೇಡಿಯೊದಲ್ಲಿ ರೈತರ ಕಾರ್ಯಕ್ರಮವನ್ನು ತಪ್ಪದೆ ಕೇಳುತ್ತಿದ್ದೆ. ನನಗೆ ಹೊಲ ಇರಲಿಲ್ಲ, ಸಮಯ ಇತ್ತು. ಬೇವಿನೆಲೆಯ ಹೊಗೆ ಹಾಕಿ ಎಂದೆ. ಹಾಕಿದಳು. ಉಣ್ಣುವವರು ಕಣ್ಣೀರಿಡುತ್ತ ಓಣಿಗೆ ಓಡಿದರು, ನೊರಜುಗಳು ಒಳಗೇ ಉಳಿದವು. ತಂಬಾಕಿನ ನೀರು ಹಾಕಿ ಎಂದೆ. ಜರಿಗಿಡ ಸತ್ತಿತು. ಹುಳಕ್ಕೆ ಹಳದಿ ಬಣ್ಣವೆಂದರೆ ಪ್ರೀತಿಯಂತೆ, ಹಳದಿ ರಟ್ಟಿಗೆ ಔಡಲೆಣ್ಣೆ ಬಳಿದು ನಿಲ್ಲಿಸಿ ಎಂದೆ. ಇದು ಸ್ವಲ್ಪ ಫಲ ಕೊಟ್ಟಿತು. ರಟ್ಟಿನ ತುಂಬ ಹುಳ ಅಂಟಿದವು, ಜೊತೆಗೆ ನನ್ನ ಹೊಸ ಅಂಗಿಯ ತೋಳೂ ಅಂಟಿತು. ಆದರೆ ಅಂಟಿದಷ್ಟು ಹುಳ ಸಂಜೆಗೆ ಮಣ್ಣಿನಿಂದ ಮತ್ತೆ ಎದ್ದವು.

“ಗುಮಾಸ್ತರ, ನಿಮ್ಮ ರೇಡಿಯೋಕ್ಕ ಒಂದಿಷ್ಟು ಬೇವಿನ ಹೊಗಿ ಹಾಕ್ರಿ” ಎಂದ ಫಕ್ರುದ್ದೀನ.

ಗಿಡಗಳು ಸೊರಗುತ್ತಿವೆ ಎಂದು ನಾವು ಮರುಕದಿಂದ ಇನ್ನೂ ನಾಲ್ಕು ಗುಟುಕು ಹೆಚ್ಚಾಗಿಯೇ ಸುರಿಯುತ್ತಿದ್ದೆವು. ನಾನಂತೂ ಬಾಯಾರಿಕೆ ಬಿಟ್ಟು ಉಳಿಸುತ್ತಿದ್ದೆ.

ಅಮಾವಾಸ್ಯೆಗೆ ಹದಿನೈದೇ ದಿನ ಉಳಿದವು. ಒಂದು ಬೆಳಿಗ್ಗೆ ಖಾನಾವಳಿಗೆ ಬೀಗ. ಬಸವಣ್ಣೆಮ್ಮ ಎಲ್ಲಕ್ಕಿಂತ ಚೆಂದದ ಕೆಸುವಿನ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೊಪ್ಪಳದ ಬಸ್ ಹತ್ತಿದಳೆಂದು ದುರುಗವ್ವ ಹೇಳಿದಳು. “ತಿಪ್ಪಿಗೆ ಹೋಗೂದಕಿಂತ ತವರಿಗೆ ಹೋಗ್ಲಿ ಅಂದ್ಳು. ಅಣ್ಣಗ ಕೇಳಿ ಬಂದು ಉಳಿದವ್ನ ಒಯ್ತಾಳಂತ.” ಅಲ್ಲಿ ನೀರಿದೆ, ನೆರಳಿದೆ, ಬದುಕಿಕೊಳ್ಳುತ್ತವೆ ಎಂದು ಅವಳ ಲೆಕ್ಕ.

ನಾವು ತಲೆ ತಗ್ಗಿಸಿಕೊಂಡು ಫ್ಯಾನಿನ ಖಾನಾವಳಿಗೆ ಹೋದೆವು. ಫ್ಯಾನಿನ ಗಾಳಿಗೆ ರೊಟ್ಟಿ ಹಪ್ಪಳವಾಗುತ್ತಿತ್ತು, ಶೇಂಗಾಹಿಂಡಿ ಹಾರಿ ಪಕ್ಕದವನ ತಾಟಿಗೆ ಬೀಳುತ್ತಿತ್ತು. ಹುಳ ಒಂದೂ ಇರಲಿಲ್ಲ. ಆದರೂ ಎಡಗೈ ಬೀಸುತ್ತಿದ್ದ ನಮ್ಮನ್ನು ಮಾಲೀಕ ಅನುಮಾನದಿಂದ ನೋಡಿದ.

ವಾರದ ಮೇಲೆ ಬಸವಣ್ಣೆಮ್ಮ ಮರಳಿ ಬಂದಳು. ಡಬ್ಬಿ ಕಂಕುಳಲ್ಲೇ ಇತ್ತು. ಬಸ್ಸಿಳಿದದ್ದನ್ನು ಕಂಡು ನಾನು, ಫಕ್ರುದ್ದೀನ ಹಿಂದೆಯೇ ಓಡಿದೆವು. ಹಸಿವೆ ಎನ್ನಿ, ನಿಷ್ಠೆ ಎನ್ನಿ.

“ಯಾಕಕ್ಕಾ, ಗಿಡಾ ಹಂಗs ತಂದೀರಿ?”

“ನಮ್ಮಣ್ಣ ಹೊನ್ನೂರಪ್ಪ ಏನಂದ ಗೊತ್ತೇನ್ರಿ? ‘ಇಲ್ಲಿ ಕಾಲುವಿ ದಂಡಿಗುಂಟ ಹಸರು ಕಿತ್ತಿ ಒಗದು ಒಗದು ಬೆನ್ನು ಮುರದೈತಿ, ಮತ್ತ ನೀ ಊರಿಂದ ತಂದೀಯಾ!’ ಅಂದ. ನೀರು ಕಂಡ್ರ ಬ್ಯಾಸರ ಮಾಡ್ಕೊಳ್ಳಾಕತ್ಯಾರ್ರಿ ಅವರು!” ಅವಳ ಧ್ವನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. “ನಮ್ಮತ್ತಿಗೆವ್ವ ಮಾತ್ರ ಪಾಪ, ದಿನಾ ಮೂರು ಹೊತ್ತು ಇದಕ್ಕ ನೀರು ಹಾಕ್ಯಾಳ.”

ಬೀಗ ತೆಗೆದಳು. ಒಳಗೆ ಗಿಡಗಳೆಲ್ಲ ಕುತ್ತಿಗೆ ಬಗ್ಗಿಸಿ ನಿಂತಿದ್ದವು. ಡಬ್ಬಿಗಳ ಎರೆಮಣ್ಣು ಹೊರಗಿನ ಹೊಲದ ಹಾಗೆಯೇ ಬಿರುಕು ಬಿಟ್ಟಿತ್ತು. ಫಕ್ರುದ್ದೀನ “ಯಾ ಅಲ್ಲಾ” ಎಂದು ಚರಿಗೆ ಹುಡುಕಲು ಓಡಿದ. ನಾನು ಗಿಡದ ಹತ್ತಿರ ಹೋಗುವ ಮೊದಲೇ ಅಭ್ಯಾಸದಿಂದ ಎಡಗೈ ಬೀಸಿದೆ. ಬೀಸಿದ ಕೈ ಖಾಲಿ ಗಾಳಿಯಲ್ಲಿ ಹೋಯಿತು.

ಹುಳ ಇರಲಿಲ್ಲ. ಎಲೆ ಅಲುಗಿಸಿದೆ, ಡಬ್ಬಿ ತಟ್ಟಿದೆ. ಒಂದೂ ಏಳಲಿಲ್ಲ.

ಬಸವಣ್ಣೆಮ್ಮ ಕಂಕುಳಲ್ಲಿದ್ದ ಡಬ್ಬಿಯನ್ನು ನೆಲಕ್ಕಿಟ್ಟಳು. ತೊಪ್ಪೆಯಾಗಿ ನೆನೆದಿದ್ದ ಅದರ ಮಣ್ಣಿನಿಂದ ನೊರಜಿನ ಹಿಂಡು ಎದ್ದು ಅವಳ ಮುಖದ ಸುತ್ತ ಆಡಿತು. ಅವಳು ಆ ಡಬ್ಬಿ ನೋಡಿದಳು, ಒಣಗಿದ ಡಬ್ಬಿಗಳನ್ನು ನೋಡಿದಳು. ಫಕ್ರುದ್ದೀನ ತುಂಬಿದ ಚರಿಗೆ ಹಿಡಿದು ಬಂದ.

“ಹಾಕಬ್ಯಾಡ!” ಎಂದು ಅವಳು ಕೂಗಿದ್ದಕ್ಕೆ ಚರಿಗೆ ಅವನ ಕೈಯಿಂದ ಬೀಳುವುದೊಂದು ಉಳಿಯಿತು.

ಆಗಲೇ ಬಸವಣ್ಣೆಮ್ಮ ಬೆಂಚಿನ ಮೇಲೆ ಕೂತದ್ದು.

“ನೀರಿಲ್ಲ, ನೀರಿಲ್ಲ ಅಂತ ಇಷ್ಟು ವರ್ಷ ಬಡಕೊಂಡೆ” ಎಂದಳು, ಯಾರಿಗೂ ಅಲ್ಲ ಎಂಬಂತೆ. “ನೀರಿಗೇ ಹುಳ ಆಗ್ಯಾವು. ಇಡೀ ಊರು ಕೂಡಿ ಹಾಕೀವಿ.” ನಕ್ಕಳು. ಎದ್ದಳು, ಒಲೆ ಹೊತ್ತಿಸಿದಳು.

ಅಂದಿನಿಂದ ಕಾನೂನು ಬದಲಾಯಿತು. ಮಣ್ಣಿನಲ್ಲಿ ಬೆರಳು ಚುಚ್ಚಿ, ತುದಿಗೆ ತಂಪು ಹತ್ತದಿದ್ದರೆ ಮಾತ್ರ ನೀರು. ಅದೂ ಬಸವಣ್ಣೆಮ್ಮನ ಕೈಯಿಂದ, ಗಿಡ ಸಾಯದಷ್ಟು. ಒಣಗಿದ ಡಬ್ಬಿಗಳಿಗೆ ಮೇಲೆ ಒಂದಿಷ್ಟು ಹಳ್ಳದ ಉಸುಕು ಹರವಿದಳು. ತವರಿಗೆ ಹೋಗಿ ಬಂದ ಕೆಸುವನ್ನು ಅದರ ಹುಳ ಮುಗಿಯುವವರೆಗೆ ಹಿತ್ತಲ ಖೋಲಿಯಲ್ಲಿ ಒಂಟಿಯಾಗಿ ಇಟ್ಟಳು. ಉಂಡವರ ಉಳಿದ ನೀರಿಗೆ ಬಾಗಿಲ ಬಳಿ ಒಂದು ದೊಡ್ಡ ಬಾನಿ ಬಂತು. ಎಲ್ಲ ಸುಲಭವೇ, ನಮ್ಮ ಕೈಗಳು ಮಾತ್ರ ಕೇಳಲೊಲ್ಲವು. ಬಾಡಿದ ಗಿಡದ ಪಕ್ಕ ಕೂತು, ಅರ್ಧ ಗ್ಲಾಸು ನೀರು ಹಿಡಿದು, ಅದನ್ನು ದಾಟಿ ಬಾಗಿಲವರೆಗೆ ಹೋಗುವುದು ಯಲಬುರ್ಗಾ ತಾಲೂಕಿನವನಿಗೆ ಹೆಣದ ಮುಂದೆ ಉಂಡಷ್ಟು ಸಂಕಟ. ಒಂದು ಮಧ್ಯಾಹ್ನ ನನ್ನ ಗ್ಲಾಸು ತಾನಾಗಿ ಬಗ್ಗಿತು. ಸೌಟಿನ ಏಟು ಮೊಣಕೈಗೆ ಬಿತ್ತು. “ರೇಡಿಯೋದಾಗ ಇದನ್ನ ಹೇಳಲಿಲ್ಲೇನ್ರೀ?” ಎಂದಳು.

ಅಮಾವಾಸ್ಯೆಯ ದಿನ ವಿರೂಪಾಕ್ಷಪ್ಪ ಬಂದ. ಓಣಿಯಲ್ಲಿ ತಳ್ಳುಗಾಡಿ ನಿಂತಿತು. ಪೂಜೆಯಾಯಿತು, ಊಟಕ್ಕೆ ಕೂತ. ನಾವು ಉಳಿದ ಬೆಂಚುಗಳಲ್ಲಿ ಉಸಿರು ಹಿಡಿದು ಕೂತೆವು. ನನ್ನ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದೆ, ಅದು ಎದ್ದರೆ ಗಿಡಗಳ ಗತಿ ಮುಗಿಯಿತೆಂದು. ಬಸವಣ್ಣೆಮ್ಮ ಒಲೆಯಿಂದ ಬೆಂಚಿಗೆ, ಬೆಂಚಿನಿಂದ ಬಾಗಿಲಿಗೆ, ಮತ್ತೆ ಒಲೆಗೆ. ವಿರೂಪಾಕ್ಷಪ್ಪ ರೊಟ್ಟಿ ಉಂಡ, ಅನ್ನ ಉಂಡ, ಮಜ್ಜಿಗೆಯನ್ನು ಬೆಳಕಿಗೆ ಹಿಡಿದು ನೋಡಿ ಕುಡಿದ. ಹುಳ ಬರಲಿಲ್ಲ. ತಾಟಿನಲ್ಲಿ ಕೈ ತೊಳೆದ. ಆಮೇಲೆ ಪಕ್ಕದ ಕ್ರೋಟನ್ ಕಡೆ ತಿರುಗಿದ. ಅದರ ಎಲೆಗಳು ಇನ್ನೂ ಇಳಿಬಿದ್ದೇ ಇದ್ದವು.

“ಏನಬೇ ಅತ್ತಿಗಿ, ಹಿಂಗ ಒಣಗಸೂದೇನು ಗಿಡಾನ? ಮೂಕ ಜೀವ, ಪಾಪ ಬಂದೀತು!” ಎನ್ನುತ್ತಲೇ ಗ್ಲಾಸೆತ್ತಿ ಬಗ್ಗಿಸಿದ.

ಬಸವಣ್ಣೆಮ್ಮ ಹೇಗೆ ಬಂದಳೋ, ಗ್ಲಾಸಿನ ಬಾಯಿಗೆ ಅಂಗೈ ಅಡ್ಡ ಹಿಡಿದಿದ್ದಳು. “ತಿಪ್ಪಿಗೆ ಒಗ್ಯಾಕ ಬಂದಂವಗ ನೀರು ಹಾಕೂ ಉಸಾಬರಿ ಯಾಕ? ಬಾನಿ ಅಲ್ಲೈತಿ, ಹೋಗು.”

ಅವನು ಗ್ಲಾಸು ನೋಡಿದ, ಗಿಡ ನೋಡಿದ, ನಮ್ಮೆಲ್ಲರ ಹಲ್ಲು ನೋಡಿದ. ಎದ್ದು ಹೋಗಿ ಬಾನಿಗೆ ಸುರಿದ. ಗಿಡದ ಮಾತು ಅಲ್ಲಿಗೆ ಮುಗಿಯಿತು.

ಆದರೆ ತಂದ ಗಾಡಿ ಖಾಲಿ ಹೋಗುವುದನ್ನು ಬಸವಣ್ಣೆಮ್ಮ ಒಪ್ಪಲಿಲ್ಲ. ತುಂಬಿದ ಬಾನಿಯನ್ನೇ ಎತ್ತಿಸಿ ಅದರ ಮೇಲೆ ಇಡಿಸಿದಳು. “ನಿಮ್ಮ ಎಮ್ಮಿಗೆ ಕುಡಸು. ಬಾನಿ ಸಂಜಿಗೆ ತಿರುಗಿ ಬರಬೇಕು.” ಶೇಂಗಾ ವ್ಯಾಪಾರಿ ವಿರೂಪಾಕ್ಷಪ್ಪ ಇಸ್ತ್ರಿ ಅಂಗಿಯಲ್ಲಿ ಗಾಡಿ ತಳ್ಳುತ್ತ ಓಣಿಯ ಕಲ್ಲುಗಳ ಮೇಲೆ ಹೊರಟ. ಬಾನಿ ತುಳುಕಿತು.

“ಯಾಂವಪ್ಪಾ ಅಂವ ನೀರು ಚೆಲ್ಲಾಂವ?” ಎಂದು ಎಲ್ಲಿಂದಲೋ ದುರುಗವ್ವನ ಧ್ವನಿ ಕೇಳಿತು.