ಅಪ್ಪನ ಬಂದೂಕಿಗೆ ಕಾಕಾನ ನಳಿಗೆ

ನಮ್ಮ ಮನೆಯ ಗಂಡಸರು ಕಾಡುಹಂದಿಗೆ ಹೆದರುವವರಲ್ಲ. ಒಬ್ಬರನ್ನೊಬ್ಬರು ಮೊದಲು ಮಾತಾಡಿಸಲು ಹೆದರುತ್ತಾರೆ. ಬದುವಿನ ಮೇಲಿನ ಒಂದು ಹುಣಸೆಮರಕ್ಕಾಗಿ ಅಪ್ಪ ಮತ್ತು ಕಾಕಾ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆ ಮರ ಕಾಯಿ ಬಿಡುವುದೂ ಅಷ್ಟಕ್ಕಷ್ಟೇ.

ಇಬ್ಬರ ಬಳಿಯೂ ಒಂದೊಂದು ಒಂಟಿ ನಳಿಗೆಯ ಬಂದೂಕಿದೆ. ತಿಳವಳ್ಳಿ ಸುತ್ತಿನ ಗೋವಿನಜೋಳಕ್ಕೆ ಹಂದಿ ನುಗ್ಗುತ್ತವೆಂದು ಅಜ್ಜ ಒಂದೇ ಅಂಗಡಿಯಿಂದ ಒಂದೇ ನಮೂನೆಯವನ್ನು ತಂದುಕೊಟ್ಟಿದ್ದ. ಲೈಸೆನ್ಸು ಬೇರೆ ಬೇರೆ, ಆದರೆ ಇದರ ನಳಿಗೆ ಅದಕ್ಕೂ ಕೂಡುತ್ತದೆ.

ಮನೆ ಪಾಲಾದ ವರ್ಷ ಮಹಾನವಮಿಯಂದು ಆಯುಧಗಳ ಖಂಡೇಪೂಜೆಗೆಂದು ಎರಡನ್ನೂ ಬಿಚ್ಚಿ, ಒರೆಸಿ, ಒಂದೇ ಕಂಬಳಿಯ ಮೇಲೆ ಹರವಿದ್ದರು. ಹುಣಸೆಮರದ ಜಗಳ ಅಲ್ಲೇ ಹೊತ್ತಿಕೊಂಡಿತು. ಸಿಟ್ಟಿನಲ್ಲಿ ಕೈಗೆ ಸಿಕ್ಕಿದ್ದನ್ನು ಜೋಡಿಸಿಕೊಂಡು ಇಬ್ಬರೂ ಎದ್ದುಹೋದರು.

ಆ ಎಡವಟ್ಟು ಗೊತ್ತಾದದ್ದು ಮೊನ್ನೆಯ ಚುನಾವಣೆಗೆ ಬಂದೂಕು ಠಾಣೆಗೆ ಒಪ್ಪಿಸಲು ಹೋದಾಗ. ಹೊಸದಾಗಿ ಬಂದ ಸಾಹೇಬರು ಹಿಡಿಯ ಕಡೆಯ ನಂಬರಿನ ಜೊತೆ ನಳಿಗೆಯ ನಂಬರನ್ನೂ ಓದಿದರು.

“ಯಜಮಾನ್ರ, ಮುಂಡ ನಿಮ್ಮದೈತ್ರಿ. ರುಂಡ ಯಾರದ್ರಿ?”

ಅಪ್ಪ ಗೋಡೆ ನೋಡಿದ. “ನಮ್ಮ ಕಾಕಾಂದ್ರಿ” ಎಂದು ನಾನೇ ಹೇಳಬೇಕಾಯಿತು.

“ಇದನ್ನ ವಾಪಸ್ ಒಯ್ರಿ. ಇಬ್ಬರೂ ಬಂದೂಕು ತಗೊಂಡು ಕೂಡಿ ಬಂದು ಸರಿ ಮಾಡ್ಕೊಳ್ರಿ. ಇಲ್ಲಾಂದ್ರ ಇಬ್ಬರ ಲೈಸೆನ್ಸೂ ಹೋಗ್ತಾವ.”

ಮನೆಗೆ ಬಂದ ಅಪ್ಪ, “ಹೋದರ ಹೋಗ್ಲಿ, ಡಬ್ಬಿ ಬಡದು ಹಂದಿ ಓಡಸ್ತೇನಿ” ಎಂದ. ಅವ್ವ ಬಿಡಲಿಲ್ಲ. “ತಮ್ಮಗ ಅಂಜಿ ಹಂದಿಗೆ ಡಬ್ಬಿ ಬಡಿತೀರೇನ್ರಿ?” ಎಂದವಳೇ ಕಾಕಾನ ಮನೆಗೆ ಹೋಗಿ ವಿಷಯ ಮುಟ್ಟಿಸಿ ಬಂದಳು.

ಮರುದಿನ ಹಾನಗಲ್ಲಿನ ಬಸ್ಸಿನಲ್ಲಿ ಗೋಣಿಚೀಲ ಸುತ್ತಿದ ಬಂದೂಕು ಹಿಡಿದು ಅಪ್ಪ ಮುಂದೆ, ಕಾಕಾ ಹಿಂದೆ, ನಾನು ನಡುವೆ. ಠಾಣೆಯ ಬೆಂಚಿನ ಮೇಲೂ ಇಬ್ಬರ ನಡುವಿನ ಬದು ನಾನೇ.

“ನಿಮ್ಮಪ್ಪಗ ಹೇಳು, ನನ್ನ ನಳಿಗಿ ಕೊಡು ಅಂತ.”

“ನಿಮ್ಮ ಕಾಕಾಗ ಹೇಳು, ಮೊದಲ ನಂದು ಕೊಡ್ಲಿ.”

ಹೇಳಲಿಕ್ಕೆ ಏನುಳಿದಿತ್ತು? ಬಾಗಿಲಲ್ಲಿ ನಿಂತಿದ್ದ ಪೊಲೀಸನಿಗೂ ಕೇಳಿಸಿತ್ತು.

ಕಡೆಗೆ ಎರಡೂ ನಳಿಗೆ ನನ್ನ ತೊಡೆಯ ಮೇಲೆ ಬಂದವು. ಕಾಕಾ ತನ್ನದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿದ. ಒಂದು ಚುಕ್ಕೆ ತುಕ್ಕಿರಲಿಲ್ಲ. ಇಷ್ಟು ವರ್ಷ ಅಪ್ಪ ಅಮಾವಾಸ್ಯೆ ತಪ್ಪಿಸದೆ ಎಣ್ಣೆ ಹಚ್ಚಿ ಒರೆಸಿದ್ದು ತಮ್ಮನ ನಳಿಗೆಯನ್ನು. ಅಪ್ಪನೂ ತನ್ನದನ್ನು ನೋಡಿದ. ಅದೂ ಹಾಗೇ ಹೊಳೆಯುತ್ತಿತ್ತು. ಅವರವರ ನಳಿಗೆ ಜೋಡಿಸಿದ ಮೇಲೆ ನಂಬರು ಕೂಡಿದವು ಎಂದು ಸಾಹೇಬರು ಹೇಳಿದರೂ ಇಬ್ಬರೂ ಏಳಲಿಲ್ಲ.

ಕಾಕಾ ನನ್ನನ್ನು ದಾಟಿ ಮುಂದೆ ಬಾಗಿದ. “ಅಣ್ಣಾ, ಇದಕ್ಕ ಯಾವ ಎಣ್ಣಿ ಹಚ್ತಿದ್ದಿ?”

ಅಪ್ಪ ತಮ್ಮನ ಕಡೆ ತಿರುಗಿದ. “ಮನೀಗೆ ಬಾ, ತೋರಸ್ತೇನಿ” ಎಂದ.

ನನಗೆ ಅಳು ತಡೆಯಲಾಗಲಿಲ್ಲ. ನಡುವಿನಿಂದ ಎದ್ದು ಬೇರೆ ಬೆಂಚಿಗೆ ಹೋಗಿ ಕುಳಿತೆ.